ಒಣಗದ ಕಡಲು

ಮೊನ್ನೆ ತುಮಕೂರಿನ ಒಂದು ಸಲೂನಿನಲ್ಲಿ ತಲೆ ಮಸಾಜಿಗೆ ಕುಳಿತಿದ್ದೆ. ಸಲೂನಿನವರು ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ ಸುರಿದರು. ಪಕ್ಕದ ಕುರ್ಚಿಯವರು ಅದೇ ವಾಸನೆಗೆ ಕಣ್ಣು ಮುಚ್ಚಿ, ಬಾಯಿ ತೆರೆದು, ಹಾಯಾಗಿ ಗೊರಕೆ ಹೊಡೆಯುತ್ತಿದ್ದರು. ನಾನು ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಎದ್ದು ಕೂತೆ.

"ಏನ್ ಸಾರ್, ಬಿಸಿ ಜಾಸ್ತಿ ಆಯ್ತಾ?" ಎಂದರು ಸಲೂನಿನವರು.

ಬಿಸಿ ಆಗಿದ್ದು ತಲೆಗಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಬೆಚ್ಚಗಿನ ಕೊಬ್ಬರಿ ಎಣ್ಣೆ ಮೂಗಿಗೆ ಬಡಿದರೆ ಸಾಕು, ನಾನು ಆಯಿಲ್ ಪೇಂಟಿಂಗ್ ಕಲಿತ ಆ ಮಳೆಗಾಲಕ್ಕೆ ಹೋಗಿ ಬೀಳುತ್ತೇನೆ. ಕಲಿತ ಎನ್ನುವುದು ದೊಡ್ಡ ಮಾತು. ಆಯಿಲ್ ಪೇಂಟಿಂಗ್ ನನ್ನನ್ನು ನೆಂಟರಿಷ್ಟರ ಮುಂದೆ ನಿಲ್ಲಿಸಿ ಬುದ್ಧಿ ಕಲಿಸಿದ ಮಳೆಗಾಲ ಅದು.

ನಮ್ಮದು ಹಾಗಲವಾಡಿ ಕಡೆಯ ಹಳ್ಳಿ. ತೋಟದಲ್ಲಿ ತೆಂಗು, ಹೊಲದಲ್ಲಿ ರಾಗಿ, ಮನೆಯಲ್ಲಿ ನಾನು. ಮೂರರಲ್ಲಿ ಎರಡು ಉಪಯೋಗಕ್ಕೆ ಬರುತ್ತವೆ ಎಂದು ಅಪ್ಪ ಹೇಳುತ್ತಿದ್ದರು. ನಾನು ತುಮಕೂರಿನಲ್ಲಿ ರೂಮು ಮಾಡಿಕೊಂಡು, ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ರಟ್ಟಿನ ಡಬ್ಬಗಳ ಮೇಲಿನ ಪ್ರಿಂಟು ಸರಿಯಾಗಿದೆಯೇ ಎಂದು ನೋಡುವ ಕೆಲಸಕ್ಕಿದ್ದೆ. ಬಣ್ಣ ಕೂದಲೆಳೆಯಷ್ಟು ಆಚೀಚೆ ಆಗಿದ್ದರೂ ಡಬ್ಬವನ್ನು ಎತ್ತಿ ಮೂಲೆಗೆ ಎಸೆಯುವುದು. ದಿನವಿಡೀ ಬೇರೆಯವರ ಬಣ್ಣದಲ್ಲಿ ತಪ್ಪು ಹಿಡಿದೂ ಹಿಡಿದೂ, ನಾನೇ ಬ್ರಷ್ ಹಿಡಿದರೆ ತಪ್ಪು ಆಗುವುದೇ ಇಲ್ಲ ಎಂಬ ಭ್ರಮೆ ಹುಟ್ಟಿತು. ಆ ಭ್ರಮೆಯನ್ನು ಜೇಬಿನಲ್ಲಿಟ್ಟುಕೊಂಡು ವಸಂತಾ ಮೇಡಮ್ ಅವರ ಭಾನುವಾರದ ಕ್ಲಾಸಿಗೆ ಸೇರಿದೆ.

ವಸಂತಾ ಮೇಡಮ್ ಕುಣಿಗಲ್ ಕಡೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದು ರಿಟೈರಾದವರು. ತುಮಕೂರಿನ ತಮ್ಮ ಮನೆಯ ಮಹಡಿಗೆ ಶೀಟು ಹೊದಿಸಿ ಕ್ಲಾಸು ನಡೆಸುತ್ತಿದ್ದರು. ಹೊಸಬರಿಗೆ ಅವರದು ಒಂದೇ ಪಾಠ. ಗೋಡೆಯ ಮೇಲೆ ಒಂದು ಹಳೆಯ ಪ್ರಿಂಟು ಇತ್ತು. ಅದನ್ನು ಎಣ್ಣೆ ಬಣ್ಣದಲ್ಲಿ ಇದ್ದ ಹಾಗೇ ಇಳಿಸಬೇಕು. ಯುರೋಪಿನ ಯಾವುದೋ ಕಡಲ ತೀರ. ಕಪ್ಪು ಮೋಡ, ಎದ್ದು ನಿಂತ ಅಲೆ, ದೂರದಲ್ಲಿ ಹಾಯಿ ಹರಿದ ಒಂದು ದೋಣಿ. ಮರಳಿನ ಮೇಲೆ ಹಗ್ಗ ಹಿಡಿದ ಇಬ್ಬರು ಮೀನುಗಾರರು, ಬುಟ್ಟಿಯ ಪಕ್ಕ ಕೂತ ಒಬ್ಬ ಮುದುಕಿ, ಮತ್ತು ಮಗುವಿನ ಕೈ ಹಿಡಿದು, ನಮಗೆ ಬೆನ್ನು ಮಾಡಿ, ದೋಣಿಯನ್ನೇ ನೋಡುತ್ತ ನಿಂತ ಹೆಂಗಸು. ಇನ್ನೂರು ವರ್ಷದ ಹಿಂದಿನ ರೊಮ್ಯಾಂಟಿಕ್ ಕಾಲದ ಚಿತ್ರವಂತೆ. ಆಗಿನವರಿಗೆ ಆಕಾಶಕ್ಕೂ ಕಡಲಿಗೂ ಸಿಟ್ಟು ಬರಿಸಿ, ಅದರ ಮುಂದೆ ಮನುಷ್ಯರನ್ನು ಪುಟ್ಟದಾಗಿ ನಿಲ್ಲಿಸುವುದೆಂದರೆ ಪ್ರಾಣ ಎಂದರು ಮೇಡಮ್.

"ಅಂದ್ರೆ ಕಾಪಿ ಹೊಡೆಯೋದಾ ಮೇಡಮ್?" ಎಂದೆ.

"ಪರೀಕ್ಷೇಲಿ ಹೊಡೆಯೋದು ಕಾಪಿ. ಇದು ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡೋದು. ಅವರು ಸಾಲು ಹೊಡೆದ ಕಡೆನೇ ನೀನೂ ಹೊಡೀಬೇಕು. ಒಂದು ಕಡ್ಡಿ ಸೇರಿಸೋ ಹಾಗಿಲ್ಲ, ಒಂದು ಕಡ್ಡಿ ಬಿಡೋ ಹಾಗಿಲ್ಲ. ನಿನ್ನ ಸ್ವಂತ ಹೊಲ ಆಮೇಲೆ. ಆಯ್ತೇನಪ್ಪಾ?"

ಇಷ್ಟಕ್ಕೇ ನಿಂತಿದ್ದರೆ ನಾನು ಸದ್ದಿಲ್ಲದೆ ಒಂದು ಕೆಟ್ಟ ಚಿತ್ರ ಬರೆದು ಮಂಚದ ಕೆಳಗೆ ತಳ್ಳಿರುತ್ತಿದ್ದೆ. ಆದರೆ ದೇವರು ನನಗೊಂದು ಬಾಯಿಯನ್ನೂ ಕೊಟ್ಟಿದ್ದ.

ನನ್ನ ಅಕ್ಕ ರೇಖಾಳನ್ನು ಗುಬ್ಬಿಗೆ ಕೊಟ್ಟಿದೆ. ಭಾವನದು ಟೈಲ್ಸ್ ಅಂಗಡಿ. ಆ ವರ್ಷ ಅವರು ಹೊಸ ಮನೆ ಕಟ್ಟಿಸುತ್ತಿದ್ದರು. ಹಾಲ್‌ನ ದೊಡ್ಡ ಗೋಡೆಗೆಂದು ಭಾವ ಜಲಪಾತದ ಟೈಲ್ಸ್ ತಂದಿಟ್ಟಿದ್ದರು: ನೀರು, ಕಾಮನಬಿಲ್ಲು, ಎರಡು ಹಂಸ, ಒಂದು ಜಿಂಕೆ, ಎಲ್ಲಾ ಒಂದೇ ಗೋಡೆಯಲ್ಲಿ. ಸಿಮೆಂಟು ಹಾಕಿ ಕೂರಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡುವುದಿಲ್ಲ. ಅಕ್ಕನಿಗೆ ಆ ಜಿಂಕೆಯ ಮುಖ ಕಂಡರೇ ಆಗುತ್ತಿರಲಿಲ್ಲ. ನಾನು ಫೋನಿನಲ್ಲಿ "ಆಯಿಲ್ ಪೇಂಟಿಂಗ್ ಮಾಡ್ತಿದೀನಿ ಕಣೇ, ಸಮುದ್ರ, ದೊಡ್ಡದು" ಎಂದು ಕೊಚ್ಚಿಕೊಂಡಿದ್ದೇ ತಡ, ಅವಳು ಮನೆಮಂದಿಯ ಮುಂದೆ ಹೇಳಿಯೇಬಿಟ್ಟಳು: "ಆ ಗೋಡೆಗೆ ಟೈಲ್ಸ್ ಬೇಡ. ನನ್ ತಮ್ಮ ಬರೆದಿದ್ದು ಹಾಕೋಣ. ಗೃಹಪ್ರವೇಶಕ್ಕೆ ಕೊಡ್ತಾನೆ."

ಆ ಮನೆ ಸೇರಿದ ಮೇಲೆ ಅಕ್ಕ ಒಂದು ವಿಷಯಕ್ಕೆ ಹಟ ಹಿಡಿದದ್ದು ಅದೇ ಮೊದಲು. ಬಾಗಿಲು ಎತ್ತ, ಒಲೆ ಎತ್ತ, ದೇವರ ಕೋಣೆಗೆ ಯಾವ ಕಲ್ಲು, ಎಲ್ಲವನ್ನೂ ಅವಳ ಅತ್ತೆ ಪುಟ್ಟಗೌರಮ್ಮನವರೇ ತೀರ್ಮಾನ ಮಾಡಿದ್ದರು. ಅಕ್ಕನ ಪಾಲಿಗೆ ಅಂತ ಉಳಿದದ್ದು ಆ ಒಂದು ಗೋಡೆ. ಅದನ್ನು ಅವಳು ನನ್ನ ಕೈಗೆ ಕೊಟ್ಟಳು. ನನ್ನ ಕೈಯ ಪರಿಚಯ ಇದ್ದೂ ಕೊಟ್ಟಳು.

"ಲೋ ಯೋಗಿ, ನಾನ್ ಮಾತ್ ಕೊಟ್ಟಾಗಿದೆ. ನೀನೇನಾದ್ರೂ ಕೈ ಕೊಟ್ಯೋ, ಆ ಜಿಂಕೆ ಜೀವಮಾನ ಪೂರ್ತಿ ನನ್ನೇ ನೋಡ್ಕೊಂಡ್ ನಿಂತಿರ್ತದೆ."

ಕೈ ಕೊಡುವ ಉದ್ದೇಶ ನನಗೆ ಖಂಡಿತ ಇರಲಿಲ್ಲ. ಕೈಗೇ ಬೇರೆ ಉದ್ದೇಶ ಇತ್ತು. ಕ್ಯಾನ್ವಾಸಿನ ಮೇಲೆ ಚೌಕ ಚೌಕ ಗೆರೆ ಎಳೆದು, ಪ್ರಿಂಟಿನ ಒಂದೊಂದು ಚೌಕವನ್ನು ಒಂದೊಂದು ಚೌಕಕ್ಕೆ ಇಳಿಸುವುದು ಮೇಡಮ್ ಹೇಳಿಕೊಟ್ಟ ವಿಧಾನ. ನಾನು ನಡುವೆ ಒಂದು ಸಾಲು ಚೌಕ ಹಾರಿಸಿಬಿಟ್ಟೆ. ಮೀನುಗಾರರಿಗೆ ಸೊಂಟವೇ ಇಲ್ಲದೆ ಎದೆಯಿಂದ ನೇರ ಮೊಣಕಾಲು ಹೊರಟಿತು. ಅದನ್ನು ಸರಿಮಾಡಲು ಹೋಗಿ ಒಬ್ಬನನ್ನು ಎಷ್ಟು ಉಬ್ಬಿಸಿದೆನೆಂದರೆ ಮೇಡಮ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೇಳಿದರು: "ಇವನು ಮೀನುಗಾರನೋ, ಕೊಬ್ಬರಿ ತುಂಬಿದ ಚೀಲನೋ?"

ಅಲೆಗಳದು ಇನ್ನೊಂದು ಕಥೆ. ಕಡಲನ್ನು ನಾನು ಕಣ್ಣಾರೆ ಕಂಡವನಲ್ಲ. ನನ್ನ ಅಲೆಗಳು ಉತ್ತ ಹೊಲದ ಸಾಲಿನ ಹಾಗೆ ಒಂದರ ಹಿಂದೆ ಒಂದು ನೇರವಾಗಿ ಮಲಗಿದ್ದವು. ಬಿತ್ತನೆ ಒಂದು ಬಾಕಿ. ಎಲ್ಲಕ್ಕಿಂತ ದೊಡ್ಡ ಎಡವಟ್ಟನ್ನು ಮೇಡಮ್ ಬ್ರಷ್ಷಿನ ಹಿಂಬದಿಯಿಂದ ತೋರಿಸಿದರು.

"ದೋಣಿ ಹಾಯಿ ಈ ಕಡೆ ಉಬ್ಬಿದೆ. ಹೆಂಗಸಿನ ಬಟ್ಟೆ ಆ ಕಡೆ ಹಾರ್ತಿದೆ. ಒಂದೇ ಚಿತ್ರಕ್ಕೆ ಎರಡು ಗಾಳಿ. ನಡುವೆ ನಿಂತಿರೋ ಆ ಮಗು ಏನಪ್ಪಾ ಮಾಡ್ಬೇಕು, ಗಾಳಿಪಟ ಆಗ್ಬೇಕಾ?"

ಇಡೀ ಕ್ಲಾಸು ನಕ್ಕಿತು. ನಾನೂ ಜೋರಾಗಿ ನಕ್ಕೆ, ಬೇರೆ ದಾರಿ ಇರಲಿಲ್ಲ. ಅಷ್ಟು ಹೇಳಿ ಮೇಡಮ್ ಬಾಣಂತಿ ಮಗಳನ್ನು ನೋಡಿಕೊಳ್ಳಲು ಮೈಸೂರಿಗೆ ಹೊರಟರು. ಆಷಾಢ ಹಿಡಿದಿತ್ತು. ಗೃಹಪ್ರವೇಶ ಶ್ರಾವಣದಲ್ಲಿ. ಚಿತ್ರವನ್ನು ರೂಮಿಗೆ ತಂದು ನಾನೇ ಮುಗಿಸುತ್ತೇನೆಂದು ಹೊರಟೆ. ಒಮ್ಮೆ ಅಕ್ಕ ಅಳತೆ ನೋಡಲು ಬಂದವಳು ಕ್ಯಾನ್ವಾಸಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ರೊಮ್ಯಾಂಟಿಕ್ ಅಂದಿದ್ದೆ. ಹೀರೋ ಎಲ್ಲೋ?"

"ದೋಣೀಲವ್ನೆ ಕಣೇ."

"ಹಂಗಾದ್ರೆ ಬೇಗ ಬರೋಕ್ ಹೇಳು. ದಿನ ಇಲ್ಲ."

ದಿನ ಇರಲಿಲ್ಲ ನಿಜ. ಬಣ್ಣಕ್ಕೆ ಬೆರೆಸುವ ಲಿನ್ಸೀಡ್ ಆಯಿಲ್, ಅಂದರೆ ನಮ್ಮ ಅಗಸೆ ಎಣ್ಣೆ, ಅದೂ ಇರಲಿಲ್ಲ. ಬಾಟಲಿ ಖಾಲಿಯಾಗಿತ್ತು. ಅಂಗಡಿಯಲ್ಲಿ ಕೇಳಿದರೆ ಮುಂದಿನ ವಾರ ಬರುತ್ತೆ ಎಂದರು. ಆ ಮುಂದಿನ ವಾರ ಬರಲೇ ಇಲ್ಲ. ರೂಮಿನ ಮೂಲೆಯಲ್ಲಿ ಅಮ್ಮ ಊರಿಂದ ಕಳಿಸಿದ ಗಾಣದ ಕೊಬ್ಬರಿ ಎಣ್ಣೆಯ ಕ್ಯಾನು ಕೂತಿತ್ತು. ನಾನು ಅದನ್ನು ನೋಡಿದೆ. ಅದು ನನ್ನನ್ನು ನೋಡಿತು. ಅದೂ ಎಣ್ಣೆ, ಇದೂ ಎಣ್ಣೆ. ತೆಂಗಿನ ತೋಟದವನು ಎಣ್ಣೆಗೆಂದು ಅಂಗಡಿ ಮುಂದೆ ನಿಂತರೆ ನಮ್ಮ ಮರಗಳಿಗೇ ಅವಮಾನವಲ್ಲವೇ?

ಕೊಬ್ಬರಿ ಎಣ್ಣೆ ಬಿದ್ದದ್ದೇ ಬಣ್ಣ ಬೆಣ್ಣೆಯ ಹಾಗೆ ಜಾರಿತು. ಕಡಲು ಮಿರಮಿರ ಮಿಂಚಿತು. ಯುರೋಪಿನವರಿಗೆ ಈ ಗುಟ್ಟು ಹೊಳೆಯಲಿಲ್ಲವಲ್ಲ ಎಂದು ಅವರ ಮೇಲೆ ಕನಿಕರವೂ ಹುಟ್ಟಿತು. ಒಣಗುತ್ತದೆಯೋ ಇಲ್ಲವೋ ಎಂಬ ಒಂದು ಅನುಮಾನವಿತ್ತು. ನನಗಾಗ ಸೆಕೆಂಡ್ ಶಿಫ್ಟು, ಚಿತ್ರದ ಜೊತೆ ಇರುತ್ತಿದ್ದದ್ದು ಬೆಳಗಿನ ಹೊತ್ತು. ಜಿಟಿಜಿಟಿ ಮಳೆಯ ಆ ಚಳಿಯಲ್ಲಿ ಎದ್ದು ಬೆರಳಿಂದ ಮುಟ್ಟಿದರೆ ಗಟ್ಟಿ! ಬೆರಳಿಗೆ ಒಂದು ಚುಕ್ಕೆ ಬಣ್ಣ ಅಂಟುತ್ತಿರಲಿಲ್ಲ. ನಾನು ಹೊಸದೊಂದು ವಿಧಾನವನ್ನೇ ಕಂಡುಹಿಡಿದಿದ್ದೇನೆ, ಮೇಡಮ್ ಬಂದ ಮೇಲೆ ಅವರಿಗೂ ಹೇಳಿಕೊಡಬೇಕು ಅಂದುಕೊಂಡೆ.

ಗೃಹಪ್ರವೇಶದ ದಿನ ಬೆಳಕು ಹರಿಯುವ ಮುನ್ನವೇ ಚಿತ್ರವನ್ನು ಗುಬ್ಬಿಗೆ ಸಾಗಿಸಿ ಮೊಳೆಗೆ ಹಾಕಿದೆ. ಭಾವ ಅದಕ್ಕೆಂದೇ ಮೇಲಿನಿಂದ ಒಂದು ಲೈಟು ಬಿಡಿಸಿದ್ದರು. ಮೊದಲು ಹಸು-ಕರುವನ್ನು ಒಳಗೆ ಕರೆತಂದರು. ಹಸು ಹಾಲ್‌ನ ನಡುವೆ ನಿಂತು, ಮೂಗರಳಿಸಿ, ನೇರ ನನ್ನ ಚಿತ್ರದ ಹತ್ತಿರ ಹೋಗಿ, ಮರಳಿನ ಮೂಲೆಯನ್ನು ಒಮ್ಮೆ ನೆಕ್ಕಿತು.

"ಬಸವ ಮೆಚ್ತು ಕಣ್ರಪ್ಪಾ, ಒಳ್ಳೇದಾಯ್ತದೆ!" ಎಂದು ಒಬ್ಬ ಅಜ್ಜಿ ಹಸುವನ್ನೇ ಬಸವ ಮಾಡಿ ಕೈಮುಗಿದರು. ಕಲಾವಿದನಾಗಿ ನನಗೆ ಸಿಕ್ಕ ಮೊದಲ ಮೆಚ್ಚುಗೆ ಅದು. ಕೊಬ್ಬರಿ ಹಿಂಡಿಯ ನೆನಪಿಗೆ ನೆಕ್ಕಿತು ಎಂದು ಆಗ ಯಾರಿಗೆ ಗೊತ್ತು?

ಆಮೇಲೆ ಅದೇ ಗೋಡೆಯ ಮುಂದೆ ಹೋಮ. ಅಕ್ಕ ಭಾವ ಸೆರಗು-ಶಲ್ಯ ಗಂಟು ಹಾಕಿಸಿಕೊಂಡು ಕುಳಿತರು. ತುಪ್ಪ ಬಿತ್ತು, ಜ್ವಾಲೆ ಎದ್ದಿತು, ಹಾಲ್ ತುಂಬ ಜನ, ಸೆಕೆ. ಸ್ವಲ್ಪ ಹೊತ್ತಿಗೆ ಎಲ್ಲರ ಮೂಗಿಗೂ ಕೊಬ್ಬರಿ ಎಣ್ಣೆಯ ಘಮ ಬಂತು. ಹೆಂಗಸರು ಒಬ್ಬರ ಜಡೆ ಒಬ್ಬರು ನೋಡಿಕೊಂಡರು. ನಾನು ಗೋಡೆ ನೋಡಿದೆ. ಕಡಲು ಬೆವರುತ್ತಿತ್ತು. ಮೋಡ ಮೆಲ್ಲಗೆ ಇಳಿದು ಅಲೆಗೆ ಸೇರಿತು. ಮೀನುಗಾರರಿಗೆ, ಅಷ್ಟು ದಿನ ಒದ್ದಾಡಿದರೂ ಬಾರದಿದ್ದ ಸೊಂಟ, ಕೊನೆಗೂ ಉದ್ದಕ್ಕೆ ಬಂತು. ದೋಣಿ ಒಂದು ಬೆರಳು ಇಳಿಯಿತು. ಇನ್ನೊಂದು ಬೆರಳು ಇಳಿಯಿತು.

"ಅಯ್ಯೋ ಶಿವ್ನೇ!" ಪುಟ್ಟಗೌರಮ್ಮನವರು ಎದ್ದು ನಿಂತರು. "ದೋಣಿ ಮುಳ್ಗ್ತೈತೆ! ಹೊಸ ಮನೇಲಿ ದೋಣಿ ಮುಳ್ಗ್ತೈತಲ್ರೋ!"

ಪುರೋಹಿತರ ಮಂತ್ರ ನಿಂತಿತು. ವಿಡಿಯೋದವನು ಕ್ಯಾಮೆರಾವನ್ನು ಹೋಮದಿಂದ ತಿರುಗಿಸಿ ದೋಣಿಯ ಮೇಲೆ ಇಟ್ಟ. ಗಂಟು ಹಾಕಿದ್ದರಿಂದ ಅಕ್ಕ ಏಳುವಂತಿರಲಿಲ್ಲ. ಕೂತಲ್ಲಿಂದಲೇ ನನ್ನನ್ನೊಮ್ಮೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಚಿತ್ರವನ್ನು ಎದೆಗವುಚಿಕೊಂಡು ಹಿತ್ತಲಿಗೆ ಓಡಿದೆ. ಅರ್ಧ ಕಡಲು ನನ್ನ ಬಿಳಿ ಶರ್ಟಿಗೆ ಬಂತು.

ಊಟದ ಹೊತ್ತಿಗೆ ಎಲ್ಲರೂ ನಕ್ಕಾಗಿತ್ತು. ಪುಟ್ಟಗೌರಮ್ಮನವರು ಮಾತ್ರ ನಗಲಿಲ್ಲ. ಮಗನನ್ನು ಕರೆದು ಹೇಳಿದರು: "ಮುಳ್ಗೋ ದೋಣಿ ಮನೇಲಿ ಇಟ್ಕಬಾರ್ದು ಕಣಪ್ಪ. ಆ ಹುಡ್ಗ ಪಾಪ, ಏನೋ ಆಸೆ ಪಟ್ಟ. ನಾಳೀಕೇ ಟೈಲ್ಸ್ ಕೂರ್ಸ್‌ಬುಡು."

"ಇನ್ನೊಂದ್ ಬರೀತಾನೆ ಅತ್ತೆ," ಎಂದಳು ಅಕ್ಕ. ಪಾಯಸ ಬಡಿಸುತ್ತಿದ್ದ ಸೌಟು ಕೈಯಲ್ಲೇ ಇತ್ತು.

"ಯಾವಾಗವ್ವಾ?"

"ದೀಪಾವಳಿಗೆ."

"ಬರೀದಿದ್ರೆ?"

"ಬರೀದಿದ್ರೆ ನಾನೇ ಸಿಮೆಂಟ್ ಕಲಸ್ಕೊಡ್ತೀನಿ."

ನನ್ನನ್ನು ಒಂದು ಮಾತು ಕೇಳಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಎಲೆಗೆ ಮಾತ್ರ ಎರಡು ಸೌಟು ಪಾಯಸ ಜಾಸ್ತಿ ಬಿತ್ತು. ಅದನ್ನು ಉಣ್ಣುವಾಗಲೇ ನಾನು ಗಟ್ಟಿಮಾಡಿಕೊಂಡೆ: ಬರೆಯುತ್ತೇನೆ.

ಮೇಡಮ್ ಮೈಸೂರಿನಿಂದ ಬಂದವರು ಕ್ಯಾನ್ವಾಸನ್ನು ಮೂಸಿ ನೋಡಿ ಕುರ್ಚಿಯಲ್ಲಿ ಕೂತರು.

"ನಿಮ್ಮಮ್ಮ ತಲೆಗೆ ಹಚ್ಚಿದ ಎಣ್ಣೆ ಯಾವತ್ತಾದ್ರೂ ಒಣಗಿ ಪಾಲಿಶ್ ಆಗಿದ್ಯೇನಪ್ಪಾ? ಅಗಸೆ ಎಣ್ಣೆ ಗಾಳಿಗೆ ಬಿಟ್ಟರೆ ಪದರವಾಗಿ ಗಟ್ಟಿಯಾಗುತ್ತೆ, ಆಮೇಲೆ ಕರಗಲ್ಲ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತೆ, ಸೆಕೆಗೆ ನೀರಾಗುತ್ತೆ. ಚಳಿಗಾಲದಲ್ಲಿ ಬಾಟಲಿ ಬಿಸಿಲಿಗೆ ಇಡಲ್ವಾ ನೀವು?"

ಇಡುತ್ತೇವೆ. ಹುಟ್ಟಿದಾಗಿನಿಂದ ಇಟ್ಟಿದ್ದೇನೆ. ಬಾಟಲಿಯಲ್ಲಿದ್ದಾಗ ಗೊತ್ತಿದ್ದ ವಿಷಯ ಕ್ಯಾನ್ವಾಸಿಗೆ ಬಂದಾಗ ಮರೆತುಹೋಗಿತ್ತು ಅಷ್ಟೆ.

"ಸೀಗೆಕಾಯಿ ಹಾಕಿ ತೊಳೆದ್ರೆ ಹೋಗುತ್ತಾ ಮೇಡಮ್?"

"ಹೋಗು, ಹೊಸ ಕ್ಯಾನ್ವಾಸ್ ತಗೊಂಡ್ ಬಾ. ಕೂಲಿಗೆ ಹೋದ ಹೊಲದಲ್ಲಿ ತೆಂಗಿನ ಸಸಿ ನೆಟ್ಟು ಬಂದವನನ್ನ ಇದೇ ಮೊದಲು ನೋಡ್ತಿರೋದು."

ಹೊಸ ಕ್ಯಾನ್ವಾಸಿನಲ್ಲಿ ಮೊದಲಿನಿಂದ ಶುರು. ಕಾರ್ಖಾನೆಯಲ್ಲಿ ಬೇಡಿಕೊಂಡು ಫಸ್ಟ್ ಶಿಫ್ಟು ಹಾಕಿಸಿಕೊಂಡೆ. ದಿನಾ ಸಂಜೆ ಮೇಡಮ್ ಮಹಡಿಗೆ ಹಾಜರು. ಚೌಕಗಳನ್ನು ಎಣಿಸಿ, ಮತ್ತೆ ಎಣಿಸಿ, ಪಕ್ಕದಲ್ಲಿದ್ದವರಿಂದಲೂ ಎಣಿಕೆ ಮಾಡಿಸಿದೆ. ಮೊದಲ ಪದರ ಟರ್ಪೆಂಟೈನ್ ಬೆರೆಸಿ ತೆಳ್ಳಗೆ. ಅದು ಒಣಗುವ ತನಕ ಮುಟ್ಟುವಂತಿಲ್ಲ. ಆಮೇಲಿನ ಪದರಗಳಿಗೆ ಸ್ವಲ್ಪ ಸ್ವಲ್ಪವೇ ಅಗಸೆ ಎಣ್ಣೆ. ಈ ವಿದ್ಯೆಯಲ್ಲಿ ಬ್ರಷ್ ಹಿಡಿಯುವುದಕ್ಕಿಂತ ಕೆಳಗಿಡುವುದೇ ಕಷ್ಟ. ಮೇಡಮ್ ಹೇಳಿದರೆಂದು ಸುಮ್ಮನೆ ಕೂತು ಪ್ರಿಂಟನ್ನು ನೋಡುತ್ತಿದ್ದೆ. ನೋಡುತ್ತ ನೋಡುತ್ತ, ಅಲೆಯ ಬಿಳುಪು ಬಿಳುಪಲ್ಲ, ಅದರಲ್ಲಿ ಹಸಿರಿದೆ, ಬೂದಿಯಿದೆ ಎಂದು ಕಂಡಿತು. ಮುದುಕಿಯ ಬುಟ್ಟಿ ಖಾಲಿಯಿದೆ ಎಂಬುದೂ ಆಗಲೇ ಕಂಡದ್ದು. ಮೊದಲ ಸಲ ನಾನು ಅದರ ತುಂಬ ಮೀನು ತುಂಬಿಸಿದ್ದೆ.

ಆ ಹೆಂಗಸು ಮಾತ್ರ ಕೈಗೆ ಸಿಗಲಿಲ್ಲ. ಹೇಗೆ ಬರೆದರೂ ಬಸ್ಸಿಗೆ ಕಾಯುವವಳ ಹಾಗೆ ನಿಲ್ಲುತ್ತಿದ್ದಳು. "ಗಾಳೀಲಿ ನಿಂತವರನ್ನ ಒಂದ್ಸಲ ನೋಡಪ್ಪಾ," ಎಂದರು ಮೇಡಮ್. ಕಡಲಿಗೆ ಹೋಗುವಷ್ಟು ರಜೆ ಇರಲಿಲ್ಲ. ಒಂದು ಭಾನುವಾರ ಅಕ್ಕ ಭಾವನನ್ನು ಹೊರಡಿಸಿಕೊಂಡು, ಟೈಲ್ಸ್ ಸಾಗಿಸುವ ಗಾಡಿಯಲ್ಲಿ ಕುಣಿಗಲ್ ಆಚೆ ಮಾರ್ಕೋನಹಳ್ಳಿ ಡ್ಯಾಮಿಗೆ ಹೋದೆವು. ಏರಿಯ ಮೇಲೆ ಗಾಳಿ ಕೆನ್ನೆಗೆ ಹೊಡೆಯುವ ಹಾಗೆ ಬೀಸುತ್ತಿತ್ತು. ನೀರಿನಲ್ಲಿ ಸಣ್ಣ ಸಣ್ಣ ಅಲೆ. ಒಂದೂ ಸಾಲಾಗಿ ಮಲಗಿರಲಿಲ್ಲ. ಅಕ್ಕನನ್ನು ನೀರಿನ ಕಡೆ ಮುಖ ಮಾಡಿ ನಿಲ್ಲಿಸಿ ನಾನು ಪೆನ್ಸಿಲ್ ಹಿಡಿದೆ.

"ಎಷ್ಟೊತ್ತೋ? ಕಾಲ್ ನೋಯ್ತದೆ."

"ಆವಮ್ಮ ಇನ್ನೂರು ವರ್ಷದಿಂದ ನಿಂತವ್ಳೆ ಕಣೇ."

"ಅವ್ಳಿಗೆ ಅತ್ತೆ ಇರ್ಲಿಲ್ಲ ಅನ್ಸುತ್ತೆ. ನಾನ್ ಮನೆಗ್ ಹೋಗಿ ಮುದ್ದೆ ತಿರುವ್ಬೇಕು."

ಬೈಯುತ್ತಲೇ ನಿಂತಳು. ಗಾಳಿ ತಳ್ಳಿದಷ್ಟೂ ಹಿಮ್ಮಡಿ ಊರಿ, ಒಂದು ಭುಜ ಮುಂದೆ ಮಾಡಿ, ಸೆರಗನ್ನು ಹಿಡಿಯದೆ ಹಾರಲು ಬಿಟ್ಟು ನಿಂತಳು. ಪ್ರಿಂಟಿನ ಹೆಂಗಸೂ ಹಾಗೇ ನಿಂತಿದ್ದಾಳೆ ಎಂದು ನನಗೆ ಆಗ ಗೊತ್ತಾಯಿತು. ಅಷ್ಟು ತಿಂಗಳು ನಾನು ಅವಳ ಬಟ್ಟೆಯನ್ನಷ್ಟೇ ನೋಡಿದ್ದೆ.

ವಾಪಸ್ ಬರುವಾಗ ಭಾವ ಗೇರು ಹಾಕುತ್ತ ಮೆತ್ತಗೆ ಹೇಳಿದರು: "ಯೋಗಿ, ಒಂದ್ ಮಾತು. ಆ ದೋಣೀನ ಹಂಗೇ ದಡಕ್ಕೆ ಎಳ್ಕಂಡ್ ಬಂದ್ ಕಟ್‌ಹಾಕ್ಬುಡು. ಅಮ್ಮಂಗೂ ಸಮಾಧಾನ, ನಂಗೂ ನೆಮ್ಮದಿ."

ನಾನೂ ಅದನ್ನೇ ಯೋಚಿಸುತ್ತಿದ್ದೆ. ಎರಡು ಸಲ ಬ್ರಷ್ ದೋಣಿಯ ಹತ್ತಿರ ಹೋಗಿತ್ತು. ದಡಕ್ಕೆ ತಂದರೆ ಪುಟ್ಟಗೌರಮ್ಮನವರು ಖುಷಿ, ಗೋಡೆ ಅಕ್ಕನದು. ಆದರೆ ದೋಣಿ ದಡದಲ್ಲಿದ್ದರೆ ಆ ಹೆಂಗಸು ಅಲ್ಲಿ ಹಾಗೆ ಯಾಕೆ ನಿಲ್ಲಬೇಕು? ಮನೆಗೆ ಹೋಗಿ ಸಾರು ಬಿಸಿ ಮಾಡುತ್ತಿದ್ದಳು. ಮುಂದಿನ ಭಾನುವಾರ ಅಕ್ಕನಿಗೆ ಫೋನು ಮಾಡಿ, "ದೋಣಿ ಇದ್ದಲ್ಲೇ ಇರುತ್ತೆ, ನಿಮ್ಮತ್ತೆ ಒಪ್ಪದೇ ಇರಬಹುದು," ಎಂದೆ.

ಆ ಕಡೆ ಅಕ್ಕ ಕುಕ್ಕರ್ ಇಳಿಸಿದ ಸದ್ದು ಕೇಳಿತು. "ನಿಮ್ ಮೇಡಮ್ ಏನಂದ್ರು?"

"ಒಂದು ಕಡ್ಡಿ ಸೇರಿಸೋ ಹಾಗಿಲ್ಲ ಅಂದ್ರು."

"ಹಂಗೇ ಮಾಡು," ಎಂದು ಇಟ್ಟುಬಿಟ್ಟಳು.

ದೀಪಾವಳಿಗೆ ಚಿತ್ರದ ಜೊತೆ ಗುಬ್ಬಿಗೆ ಹೋದಾಗ ಜಲಪಾತದ ಟೈಲ್ಸಿನ ಪೆಟ್ಟಿಗೆಗಳು ಹಾಲ್‌ನಲ್ಲೇ ಇದ್ದವು. ಮರುದಿನಕ್ಕೆ ಮೇಸ್ತ್ರಿಗೂ ಹೇಳಿಯಾಗಿತ್ತಂತೆ. ಪುಟ್ಟಗೌರಮ್ಮನವರು ಚಿತ್ರವನ್ನು ಕುರ್ಚಿಯ ಮೇಲೆ ಒರಗಿಸಿ ಇಡಿಸಿದರು. ಕಡಲಿಗೆ ಹೆಬ್ಬೆರಳು ಒತ್ತಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಏನೂ ಅಂಟಿರಲಿಲ್ಲ. ಬಾಗಿ ಮೂಸಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ದೋಣಿಯ ಮೇಲೆ ಕಣ್ಣು ನೆಟ್ಟರು.

"ಇದೂ ಮುಳ್ಗ್ತೈತೇನ್ಲಾ ಮಗ?"

ಬಾಯಿಗೆ ಬಂದ ತಮಾಷೆಗಳನ್ನೆಲ್ಲ ನುಂಗಿದೆ. "ಗೊತ್ತಿಲ್ಲ ಅತ್ತೆ. ಬರೆದೋರೂ ಹೇಳಿಲ್ಲ."

ಭಾವ ನನ್ನ ಕಾಲು ತುಳಿದರು. ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು, ಕೈಯೆಲ್ಲ ಹೂರಣ. ಪುಟ್ಟಗೌರಮ್ಮನವರ ಕಣ್ಣು ದೋಣಿಯಿಂದ ಮರಳಿಗೆ ಇಳಿಯಿತು, ಮುದುಕಿಯನ್ನು ದಾಟಿತು, ಬೆನ್ನು ಮಾಡಿ ನಿಂತವಳ ಮೇಲೆ ನಿಂತಿತು. ತುಂಬ ಹೊತ್ತು ನೋಡಿದರು. ಬಾಗಿಲ ಕಡೆ ತಿರುಗಿ ಸೊಸೆಯನ್ನೊಮ್ಮೆ ನೋಡಿದರು.

"ನಮ್ ರೇಖಾ ನಿಂತಂಗೇ ನಿಂತವ್ಳೆ ಇವ್ಳು. ಇಷ್ಟ್ ಹಟ ಮಾಡ್ಕಂಡ್ ನಿಂತ್ಮೇಲೆ ಬರ್ದೆ ಏನ್ಮಾಡ್ತೈತೆ ದೋಣಿ? ಬತ್ತೈತೆ ಬುಡು. ನೇತಾಕು ಅತ್ಲಾಗೆ."

ನಾನು ಚಿತ್ರ ಎತ್ತಿಕೊಂಡು ಸ್ಟೂಲಿನ ಹತ್ತಿರ ಹೋಗುವಷ್ಟರಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು, ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, ತಾನೇ ಸ್ಟೂಲು ಹತ್ತಿ ಮೊಳೆಗೆ ಹಾಕಿದಳು.

"ಎಡಗಡೆಗೆ ವಾಲಿದೆ ಕಣೇ," ಎಂದೆ.

"ವಾಲ್ಲಿ ಬಿಡು," ಎಂದಳು ಇಳಿಯದೆ. "ನನ್ ಗೋಡೆ."